ಕೆಲಸ ಹೋಗಿದೆ ಅಂತ ಊರಲ್ಲಿ ಯಾರಿಗೂ ಹೇಳಿಲ್ಲ, ಏನು ಮಾಡಲಿ?

ಪ್ರಶ್ನೆ: ನನಗೆ 37 ವರ್ಷ. ಸುಂಟಿಕೊಪ್ಪದ ಹತ್ತಿರ ನಮ್ಮ ಊರು. ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಬ್ಯಾಂಕ್ ಪೇಮೆಂಟ್ ಸಾಫ್ಟ್‌ವೇರ್ ಟೆಸ್ಟ್ ಮಾಡುವ ಕೆಲಸದಲ್ಲಿದ್ದೆ. ಒಟ್ಟು 13 ವರ್ಷದ ಅನುಭವ. ಕೊನೆಯ ಕಂಪನಿಯಲ್ಲಿ 6 ವರ್ಷ. ಅಕ್ಟೋಬರ್‌ನಲ್ಲಿ ಒಂದು ಬೆಳಿಗ್ಗೆ ಮೀಟಿಂಗ್‌ಗೆ ಕರೆದು, ರಾಜೀನಾಮೆ ಕೊಡಿ, ಮೂರು ತಿಂಗಳ ಸಂಬಳ ಕೊಡುತ್ತೇವೆ ಎಂದರು. ಕೊಟ್ಟೆ. ಹೆಂಡತಿ, ಮಗಳು ಬೆಂಗಳೂರಿನಲ್ಲೇ ಇದ್ದಾರೆ. ನಾನು ಕಾಫಿ ಕೊಯ್ಲಿನ ನೆಪ ಮಾಡಿಕೊಂಡು ಊರಿಗೆ ಬಂದೆ. ಇಲ್ಲಿ ಎಲ್ಲರಿಗೂ ವರ್ಕ್ ಫ್ರಮ್ ಹೋಮ್ ಅಂತ ಹೇಳಿದ್ದೇನೆ. ಅಪ್ಪ ಅಮ್ಮನಿಗೂ ಗೊತ್ತಿಲ್ಲ. 160ಕ್ಕೂ ಜಾಸ್ತಿ ಅರ್ಜಿ ಹಾಕಿದೆ. ನಾಲ್ಕು ಫೋನ್ ಬಂತು, ಒಂದೂ ಮುಂದಕ್ಕೆ ಹೋಗಲಿಲ್ಲ. ಹಳೆಯ ಮ್ಯಾನೇಜರ್ ಒಬ್ಬರು ಈಗ ದೊಡ್ಡ ಕಡೆ ಇದ್ದಾರೆ, ಆದರೆ ಅವರಿಗೆ ಫೋನ್ ಮಾಡಲು ನಾಚಿಕೆ. ಫ್ಲ್ಯಾಟ್ ಸಾಲದ ಕಂತು ತಿಂಗಳಿಗೆ 38 ಸಾವಿರ. 1.8 ಲಕ್ಷದ ಒಂದು ಎಐ ಕೋರ್ಸ್ ಇದೆ, ಸೇರಲೇ? ಪಿಎಫ್ ತೆಗೆಯಲೇ? ಇಂಟರ್‌ವ್ಯೂನಲ್ಲಿ ಈ ಗ್ಯಾಪ್ ಬಗ್ಗೆ ಏನು ಹೇಳಲಿ? ಇಲ್ಲ, ಎಲ್ಲ ಬಿಟ್ಟು ನಾಲ್ಕು ಎಕರೆ ತೋಟ ನೋಡಿಕೊಳ್ಳಲೇ? ರಾತ್ರಿ ನಿದ್ದೆ ಬರುತ್ತಿಲ್ಲ.

ಉತ್ತರ: ಐದಾರು ಪ್ರಶ್ನೆ ಕೇಳಿದ್ದೀರಿ. ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಂಡಿದ್ದು ನೀವು ಪ್ರಶ್ನೆಯಾಗಿ ಕೇಳದೇ ಇರುವ ಸಾಲು: ಅಪ್ಪ ಅಮ್ಮನಿಗೂ ಗೊತ್ತಿಲ್ಲ. ಅಲ್ಲಿಂದಲೇ ಶುರು ಮಾಡುತ್ತೇನೆ. ದುಡ್ಡಿನ ವಿಷಯ ಆಮೇಲೆ.

ನಾನು ಬೆಂಗಳೂರಿನಲ್ಲಿ ಸುಮಾರು ಇಪ್ಪತ್ತು ವರ್ಷ ಐಟಿ ಕಂಪನಿಗಳಿಗೆ ಜನರನ್ನು ಆರಿಸುವ ಕೆಲಸ ಮಾಡಿದವನು. ಈಗ ಗೋಣಿಕೊಪ್ಪದ ಕಡೆ ಮನೆಯಲ್ಲಿದ್ದೇನೆ. ಮೇಜಿನ ಆ ಕಡೆ ಕೂತಿದ್ದವನಿಗೂ ಒಮ್ಮೆ ಕೆಲಸ ಹೋಗಿತ್ತು. 2008ರ ಕೊನೆ. ಅಮೆರಿಕದಲ್ಲಿ ಬ್ಯಾಂಕ್‌ಗಳು ಬಿದ್ದಿದ್ದವು. ನಮ್ಮ ಕಂಪನಿ ಹೊಸಬರನ್ನು ತೆಗೆದುಕೊಳ್ಳುವುದನ್ನೇ ನಿಲ್ಲಿಸಿತು. ಯಾರನ್ನೂ ತೆಗೆದುಕೊಳ್ಳದ ಕಂಪನಿಗೆ, ತೆಗೆದುಕೊಳ್ಳುವ ಕೆಲಸದವನು ಯಾಕೆ ಬೇಕು? ನನ್ನನ್ನೇ ತೆಗೆದರು.

ಆ ವರ್ಷ ಪುತ್ತರಿಗೆ, ನಮ್ಮ ಕೊಡಗಿನ ಸುಗ್ಗಿ ಹಬ್ಬಕ್ಕೆ, ಮನೆಗೆ ಬಂದೆ. ಪೊಲಿ ಪೊಲಿ ದೇವಾ ಎಂದು ಕೂಗಿ ಕದಿರು (ಭತ್ತದ ತೆನೆ) ತಂದ ರಾತ್ರಿ. ಊಟಕ್ಕೆ ಕೂತಾಗ ದೊಡ್ಡಪ್ಪ ಎಲ್ಲರೆದುರು ಕೇಳಿದರು, “ಕೆಲಸ ಹೇಗಿದೆ?” ನಾನು ಒಂದು ಗಳಿಗೆ ಕೂಡ ಯೋಚಿಸಲಿಲ್ಲ. “ಆನ್‌ಸೈಟ್ ಹೋಗ್ತಾ ಇದ್ದೇನೆ, ವೀಸಾ ಕಾಯ್ತಾ ಇದ್ದೇನೆ” ಅಂದೆ. ಎಲ್ಲರಿಗೂ ಖುಷಿ. ಅಮ್ಮ ಎರಡು ಸ್ವೆಟರ್ ಕೂಡ ತೆಗೆದಿಟ್ಟರು.

ಫೆಬ್ರವರಿಯಲ್ಲಿ ದೊಡ್ಡಪ್ಪನ ಅಳಿಯ ಮೈಸೂರಿನ ತನ್ನ ಕಂಪನಿಗೆ ಒಬ್ಬ ಅನುಭವಿ ರಿಕ್ರೂಟರ್‌ನ ಹುಡುಕುತ್ತಿದ್ದರಂತೆ. ನನ್ನ ಹೆಸರು ಮಾತಿಗೂ ಬಂತಂತೆ. “ಅವನು ಅಮೆರಿಕಕ್ಕೆ ಹೊರಟವನು, ಮೈಸೂರಿಗೆ ಯಾಕೆ ಬರ್ತಾನೆ” ಅಂತ ಬಿಟ್ಟರು. ಇದು ನನಗೆ ಗೊತ್ತಾಗಿದ್ದು ಏಪ್ರಿಲ್‌ನಲ್ಲಿ, ವಿರಾಜಪೇಟೆಯ ಒಂದು ಮದುವೆ ಊಟದಲ್ಲಿ. ಅಷ್ಟು ಹೊತ್ತಿಗೆ ಆ ಜಾಗ ತುಂಬಿತ್ತು. ನಾನು ಇನ್ನೂ ಎರಡು ತಿಂಗಳು ಮನೆಯಲ್ಲಿ ಕೂತಿದ್ದೆ.

ಹಾಗಾಗಿ ನೀವು ಹೇಳುವ ವರ್ಕ್ ಫ್ರಮ್ ಹೋಮ್ ನನಗೆ ಚೆನ್ನಾಗಿ ಅರ್ಥವಾಗುತ್ತದೆ. ಅದು ಮಾನ ಉಳಿಸುವ ಸುಳ್ಳು. ಆದರೆ ಕೊಡಗಿನಂಥ ಜಾಗದಲ್ಲಿ ಅದರ ಬೆಲೆ ಜಾಸ್ತಿ. ನಮ್ಮ ಜಿಲ್ಲೆ ಸಣ್ಣದು. ಒಂದು ಮದುವೆಗೆ ಹೋದರೆ ಅರ್ಧ ಜನ ಪರಿಚಯ, ಇನ್ನರ್ಧ ಜನ ಪರಿಚಯದವರ ನೆಂಟರು. ಆ ಅರ್ಧದಲ್ಲಿ ಬೆಂಗಳೂರು, ಮೈಸೂರು, ಮಂಗಳೂರಿನ ಕಂಪನಿಗಳಲ್ಲಿ ಇರುವವರು ಎಷ್ಟು ಜನ ಬೇಕು? ಮಡಿಕೇರಿಯ ಶುಕ್ರವಾರದ ಸಂತೆಯಲ್ಲಿ ಒಂದು ಸುದ್ದಿ ಬಿಟ್ಟರೆ ಸಂಜೆಯೊಳಗೆ ಸೋಮವಾರಪೇಟೆಗೆ ತಲುಪುತ್ತದೆ. ಈ ಜಾಲ ನಿಮಗೆ ಸುಮ್ನೆ ಸಿಕ್ಕಿದ್ದು. ನೀವೇ ಅದಕ್ಕೆ “ನನಗೆ ಕೆಲಸ ಇದೆ, ನನ್ನ ಬಗ್ಗೆ ಯೋಚಿಸಬೇಡಿ” ಅಂತ ಹೇಳಿ ಕಳಿಸಿದ್ದೀರಿ.

ಇನ್ನೊಂದು ಕಡೆಯಿಂದಲೂ ನೋಡಿ. 2022ರ ಕೊನೆಯಲ್ಲಿ ಮೆಟಾ 11 ಸಾವಿರ ಜನರನ್ನು ತೆಗೆಯಿತು. 2023ರ ಜನವರಿಯಲ್ಲಿ ಗೂಗಲ್ 12 ಸಾವಿರ, ಮೈಕ್ರೋಸಾಫ್ಟ್ 10 ಸಾವಿರ. 2025ರ ಜುಲೈಯಲ್ಲಿ ಟಿಸಿಎಸ್ ತನ್ನ ಸಿಬ್ಬಂದಿಯಲ್ಲಿ ಸುಮಾರು ನೂರಕ್ಕೆ 2ರಷ್ಟು, ಅಂದರೆ 12 ಸಾವಿರಕ್ಕೂ ಹೆಚ್ಚು ಜನರನ್ನು ಕಡಿಮೆ ಮಾಡುವುದಾಗಿ ಹೇಳಿತು. ಇವೆಲ್ಲ ಪೇಪರ್‌ನಲ್ಲಿ ಬಂದಿವೆ, ನಿಮ್ಮ ಅಪ್ಪನೂ ಓದಿರುತ್ತಾರೆ. ಲೇಆಫ್ ಅಂದರೆ ಹುಡುಗ ಏನೋ ತಪ್ಪು ಮಾಡಿದ ಅಂತ ತಿಳಿಯುವ ಕಾಲ ಮುಗಿದಿದೆ. ಬೆಲೆ ಬಿದ್ದ ವರ್ಷ ತೋಟದಲ್ಲಿ ಆಳು ಕಡಿಮೆ ಮಾಡಿದ್ದು ನೆನಪಿರುವವರಿಗೆ ಇದು ಅರ್ಥವಾಗದ ವಿಷಯವೇನೂ ಅಲ್ಲ.

ಅಪ್ಪನಿಗೆ ಇವತ್ತು ಸಂಜೆ ಹೇಳಿ. ಉದ್ದ ಪೀಠಿಕೆ ಬೇಡ. “ಕಂಪನಿಯಲ್ಲಿ ಜನ ಕಡಿಮೆ ಮಾಡಿದರು, ನನ್ನದೂ ಹೋಯಿತು, ಬೇರೆ ಹುಡುಕ್ತಾ ಇದ್ದೇನೆ, ಇಷ್ಟು ತಿಂಗಳಿಗೆ ದುಡ್ಡಿದೆ.” ಕೊನೆಯ ಮಾತು ಬಿಡಬೇಡಿ. ಹಿರಿಯರಿಗೆ ಮೊದಲು ಹೆದರಿಕೆ ಬರುವುದೇ ದುಡ್ಡಿನ ವಿಷಯಕ್ಕೆ. ಅದಾದ ಮೇಲೆ ನಿಮಗೆ ನಿದ್ದೆಯೂ ಸ್ವಲ್ಪ ಬಂದೀತು. ಅರ್ಧ ನಿದ್ದೆ ತಿನ್ನುವುದು ಆ ಗುಟ್ಟೇ ಅಂತ ನನ್ನ ಅನುಮಾನ. ಹಾಗೂ ಬಾರದಿದ್ದರೆ, ಅಥವಾ ಮನಸ್ಸು ತೀರಾ ಕುಸಿದರೆ, 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಈಗ ಆ 160 ಅರ್ಜಿಗಳ ಕಥೆ.

ನೀವು ಸೋಮಾರಿಯಲ್ಲ ಅಂತ ಗೊತ್ತಾಗುತ್ತದೆ. ಆದರೆ ಆ ಕಡೆ ಕೂತವನು ಹೇಗೆ ಕೆಲಸ ಮಾಡುತ್ತಾನೆ ಅಂತ ನಿಮಗೆ ಯಾರೂ ಹೇಳಿಲ್ಲ. ಒಂದು ಜಾಗಕ್ಕೆ ನೂರಾರು ಅರ್ಜಿ ಬರುತ್ತವೆ. ರಿಕ್ರೂಟರ್ ಅವನ್ನು ಒಂದೊಂದಾಗಿ ಓದುವುದಿಲ್ಲ. ನೌಕ್ರಿ ಡಾಟ್ ಕಾಮ್‌ನಂಥ ಪೋರ್ಟಲ್‌ನಲ್ಲಿ ತಾನೇ ಹುಡುಕುತ್ತಾನೆ. ಅನುಭವ ಇಷ್ಟರಿಂದ ಇಷ್ಟು, ಊರು ಬೆಂಗಳೂರು, ಈ ಈ ಕೌಶಲ, ನೋಟಿಸ್ ಪೀರಿಯಡ್ ಇಷ್ಟು ದಿನದೊಳಗೆ, ಇತ್ತೀಚೆಗೆ ಪ್ರೊಫೈಲ್ ತೆರೆದವರು ಮೇಲೆ. ಬಂದ ಪಟ್ಟಿಯಲ್ಲಿ ಮೊದಲ ಮೂವತ್ತು ನಲವತ್ತು ಜನರನ್ನು ನೋಡುತ್ತಾನೆ. ಆಮೇಲೆ ಅವನಿಗೆ ಊಟದ ಹೊತ್ತು.

ಊರಿಗೆ ಬಂದ ಮೇಲೆ ನೀವು ಪ್ರೊಫೈಲ್‌ನಲ್ಲಿ ಊರು ಮಡಿಕೇರಿ ಅಂತ ಬದಲಾಯಿಸಿದ್ದೀರಾ? ಹಾಗಿದ್ದರೆ ಆ ಹುಡುಕಾಟದಲ್ಲಿ ನೀವು ಬರುವುದೇ ಇಲ್ಲ. ನಿಮ್ಮ ಮನೆ, ಹೆಂಡತಿ, ಮಗಳು ಬೆಂಗಳೂರಿನಲ್ಲೇ ಇರುವಾಗ ಬೆಂಗಳೂರು ಅಂತ ಹಾಕುವುದರಲ್ಲಿ ಸುಳ್ಳೇನೂ ಇಲ್ಲ. ಜೊತೆಗೆ ಮೈಸೂರು, ಮಂಗಳೂರನ್ನೂ ಸೇರಿಸಿ. ಪ್ರತಿದಿನ ಬೆಳಿಗ್ಗೆ ಪ್ರೊಫೈಲ್‌ನಲ್ಲಿ ಒಂದು ಸಾಲು ತಿದ್ದಿ ಉಳಿಸಿ. ಹುಚ್ಚು ಅನಿಸುತ್ತದೆ, ಆದರೂ ಮಾಡಿ.

ನೋಟಿಸ್ ಪೀರಿಯಡ್ ಅಂದೆನಲ್ಲ, ನಿಮ್ಮ ಕೈಯಲ್ಲಿರುವ ಒಳ್ಳೆಯ ಎಲೆ ಅದು. ನಮ್ಮಲ್ಲಿ ಎಷ್ಟೋ ಕಂಪನಿಗಳು 90 ದಿನದ ನೋಟಿಸ್ ಇಟ್ಟುಕೊಂಡಿವೆ. ಆಫರ್ ಕೊಟ್ಟು ಮೂರು ತಿಂಗಳು ಕಾಯಬೇಕು. ಅಷ್ಟರಲ್ಲಿ ಆ ಅಭ್ಯರ್ಥಿ ಇನ್ನೊಂದು ಆಫರ್ ಹಿಡಿದು ಕೈಕೊಡುತ್ತಾನೆ. ಮ್ಯಾನೇಜರ್‌ಗಳಿಗೆ ಇದು ತಲೆನೋವು. ನೀವೋ, ಸೋಮವಾರ ಬನ್ನಿ ಅಂದರೆ ಸೋಮವಾರ ಹೋಗಬಲ್ಲವರು. ರೆಸ್ಯೂಮೆಯ ತಲೆಯಲ್ಲೇ, ಹೆಸರಿನ ಕೆಳಗೆ, “ತಕ್ಷಣ ಸೇರಬಹುದು” ಅಂತ ಬರೆಯಿರಿ. ಲೇಆಫ್ ಆದವನಿಗೆ ಸಿಗುವ ಒಂದೇ ಒಂದು ಲಾಭ ಇದು, ಅದನ್ನೂ ಮುಚ್ಚಿಡುವುದು ಬೇಡ.

ಅನುಭವದ ಲೆಕ್ಕವೂ ಇದೆ. 13 ವರ್ಷದ ಟೆಸ್ಟರ್ ಬರೀ ಟೆಸ್ಟರ್ ಕೆಲಸಕ್ಕೆ ಅರ್ಜಿ ಹಾಕಿದರೆ ಸಂಬಳದ ಬಜೆಟ್‌ಗೆ ಸರಿಹೋಗುವುದಿಲ್ಲ. ಆ ಜಾಗ ನಾಲ್ಕೈದು ವರ್ಷದವರಿಗೆ. ನೀವು ನೋಡಬೇಕಾದ್ದು ಕ್ಯೂಎ (ಗುಣಮಟ್ಟ ಪರೀಕ್ಷೆ) ಲೀಡ್, ಟೆಸ್ಟ್ ಮ್ಯಾನೇಜರ್, ಅಥವಾ ಆಟೋಮೇಷನ್ ಗಟ್ಟಿಯಾಗಿದ್ದರೆ ಎಸ್‌ಡೆಟ್ (ಟೆಸ್ಟ್ ಮಾಡುವ ಪ್ರೋಗ್ರಾಂ ಬರೆಯುವವರ) ಜಾಗಗಳು. ನಿಮ್ಮ ಬಂಡವಾಳ ಟೆಸ್ಟಿಂಗ್ ಒಂದೇ ಅಲ್ಲ, ಪೇಮೆಂಟ್ ಕೂಡ. ಕಾರ್ಡ್ ಉಜ್ಜಿದ ಮೇಲೆ ದುಡ್ಡು ಎಲ್ಲೆಲ್ಲಿ ಹೋಗುತ್ತದೆ, ಸೆಟಲ್‌ಮೆಂಟ್ ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ, ರಿವರ್ಸಲ್ ಯಾವಾಗ ತಪ್ಪುತ್ತದೆ, ಇದು ನಿಮಗೆ ಗೊತ್ತು. ಹೊಸ ಟೂಲ್ ಒಂದು ತಿಂಗಳಲ್ಲಿ ಕಲಿಯಬಹುದು, ಇದನ್ನು ಕಲಿಯಲು ವರ್ಷ ಬೇಕು. ಐಎಸ್‌ಒ 8583 ಅಥವಾ ಐಎಸ್‌ಒ 20022 ಸಂದೇಶಗಳ (ಬ್ಯಾಂಕ್‌ಗಳು ಪಾವತಿಯ ವಿವರ ಕಳಿಸುವ ಮಾದರಿಗಳ) ಮೇಲೆ ಕೆಲಸ ಮಾಡಿದ್ದರೆ ಮೊದಲ ಅರ್ಧ ಪುಟದಲ್ಲೇ ಆ ಹೆಸರು ಬರಲಿ. ದೇಶದಿಂದ ದೇಶಕ್ಕೆ ಹೋಗುವ ಸ್ವಿಫ್ಟ್ ಪಾವತಿಗಳು 2025ರ ನವೆಂಬರ್‌ನಲ್ಲಿ ಐಎಸ್‌ಒ 20022ಕ್ಕೆ ಬದಲಾಗಿವೆ. ಬ್ಯಾಂಕ್‌ಗಳಲ್ಲಿ ಅದರ ಬಾಲದ ಕೆಲಸ ಇನ್ನೂ ಇದೆ.

“ಟೆಸ್ಟ್ ಕೇಸ್ ಬರೆಯುವ ಜವಾಬ್ದಾರಿ ಹೊತ್ತಿದ್ದೆ” ಎಂಬಂಥ ಸಾಲು ಎಲ್ಲರ ರೆಸ್ಯೂಮೆಯಲ್ಲೂ ಇರುತ್ತದೆ. ಅದರ ಬದಲು ನಡೆದದ್ದನ್ನು ಬರೆಯಿರಿ. ಎಷ್ಟು ಜನರ ತಂಡ, ರಿಲೀಸ್‌ಗೆ ಮೊದಲು ನೀವು ಹಿಡಿದ ಯಾವ ದೋಷ ಬ್ಯಾಂಕ್‌ಗೆ ಏನು ಉಳಿಸಿತು, ಎರಡು ದಿನ ಹಿಡಿಯುತ್ತಿದ್ದ ರಿಗ್ರೆಷನ್ (ಹಳೆಯದೆಲ್ಲ ಕೆಡದೆ ಇದೆಯಾ ಎಂಬ ಮರುಪರೀಕ್ಷೆ) ಎಷ್ಟು ಗಂಟೆಗೆ ಬಂತು. ಎರಡು ಪುಟ ಸಾಕು. ಫೋಟೋ, ತಂದೆಯ ಹೆಸರು, ಹವ್ಯಾಸ ಬೇಡ. ಕಾಲಂ ಹಾಕಿ ಚೆಂದ ಮಾಡಿದ ರೆಸ್ಯೂಮೆಗಳನ್ನು ಎಷ್ಟೋ ಸಾಫ್ಟ್‌ವೇರ್‌ಗಳು ಸರಿಯಾಗಿ ಓದುವುದಿಲ್ಲ. ಸಾದಾ ಇರಲಿ.

ಮುಖ್ಯ ವಿಷಯಕ್ಕೆ ಬರುತ್ತೇನೆ: ರೆಫರಲ್. ನಾನು ಆರಿಸಿದ ಜನರಲ್ಲಿ, ಅದರಲ್ಲೂ ಹತ್ತು ವರ್ಷ ದಾಟಿದವರಲ್ಲಿ, ತುಂಬಾ ಮಂದಿ ಒಳಗಿನವರೊಬ್ಬರ ಮಾತಿನಿಂದ ಬಂದವರು. ಒಳಗಿನವನು ಹೆಸರು ಕೊಟ್ಟರೆ ಆ ರೆಸ್ಯೂಮೆಯನ್ನು ಒಬ್ಬ ಮನುಷ್ಯ ಓದಿಯೇ ಓದುತ್ತಾನೆ. ಹಳೆಯ ಮ್ಯಾನೇಜರ್‌ಗೆ ಫೋನ್ ಮಾಡಲು ನಾಚಿಕೆ ಅಂದಿರಿ. ಬೇಡುವುದು ಅಂತ ಅನಿಸುತ್ತಿದೆ ಅಲ್ವಾ? ಆದರೆ ಎಷ್ಟೋ ಕಂಪನಿಗಳಲ್ಲಿ ರೆಫರ್ ಮಾಡಿದವರಿಗೆ ಬೋನಸ್ ಕೊಡುತ್ತಾರೆ. ನೀವು ಸೇರಿದರೆ ಅವರ ಖಾತೆಗೂ ದುಡ್ಡು ಬೀಳುತ್ತದೆ. ಬೇಡುವವನು ಯಾರು, ಕೊಡುವವನು ಯಾರು, ನೀವೇ ಹೇಳಿ.

ಇಲ್ಲಿ ಒಂದು ಕಂಟಕ ಇದೆ. ನೀವು 160 ಕಡೆ ಅರ್ಜಿ ಹಾಕಿದ್ದೇ ಅದು. ಎಷ್ಟೋ ಕಂಪನಿಗಳಲ್ಲಿ ನಿಮ್ಮ ಹೆಸರು ಈಗಾಗಲೇ ಅವರ ಪಟ್ಟಿಯಲ್ಲಿ ಸೇರಿದ್ದರೆ, ಕೆಲವು ತಿಂಗಳು ಅದನ್ನು ರೆಫರಲ್ ಅಂತ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಕನ್ಸಲ್ಟೆನ್ಸಿಯವರು ನಿಮ್ಮನ್ನು ಕೇಳದೆಯೇ ರೆಸ್ಯೂಮೆ ಕಳಿಸಿದ್ದರೂ ಹಾಗೇ. ಎರಡು ಕನ್ಸಲ್ಟೆನ್ಸಿ ಒಂದೇ ಹೆಸರು ಕಳಿಸಿದರೆ ಯಾರಿಗೆ ಕಮಿಷನ್ ಕೊಡಬೇಕು ಎಂಬ ಜಗಳ ಬೇಡ ಅಂತ ರಿಕ್ರೂಟರ್ ಆ ಹೆಸರನ್ನೇ ಬಿಡುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಸತ್ಯ ಹೇಳಬೇಕೆಂದರೆ, ನಾನೂ ಒಂದೆರಡು ಸಲ ಬಿಟ್ಟಿದ್ದೇನೆ. ಹಾಗಾಗಿ ಇವತ್ತಿನಿಂದ ಕಂಡಕಂಡಲ್ಲಿ ಅರ್ಜಿ ಒತ್ತುವುದು ನಿಲ್ಲಿಸಿ. ನಲವತ್ತು ಕಂಪನಿ ಆರಿಸಿ. ಪ್ರತಿಯೊಂದರಲ್ಲೂ ಗೊತ್ತಿರುವವರು ಯಾರಾದರೂ ಇದ್ದಾರಾ ಅಂತ ಲಿಂಕ್ಡ್‌ಇನ್‌ನಲ್ಲಿ ನೋಡಿ. ಮೊದಲು ಅವರಿಗೆ ಫೋನ್, ಆಮೇಲೆ ಅರ್ಜಿ. ಒಂದು ಕಂಪನಿಗೆ ಒಂದೇ ದಾರಿ.

ಯಾವ ಕಂಪನಿಗಳು? ಸೇವಾ ಕಂಪನಿಗಳಷ್ಟೇ ನೋಡಬೇಡಿ. ಜಿಸಿಸಿ ಅಂತಾರಲ್ಲ, ಹೊರದೇಶದ ಬ್ಯಾಂಕ್, ಅಂಗಡಿ ಸರಪಳಿ, ವಿಮಾ ಕಂಪನಿಗಳು ಇಲ್ಲಿ ತಾವೇ ನಡೆಸುವ ಕೇಂದ್ರಗಳು. ದೇಶದಲ್ಲಿ ಅಂಥವು 1,700ಕ್ಕೂ ಹೆಚ್ಚಿವೆ. ಎಲ್ಲಕ್ಕಿಂತ ಜಾಸ್ತಿ ಬೆಂಗಳೂರಿನಲ್ಲಿ. ಪೇಮೆಂಟ್ ಗೊತ್ತಿರುವ ಟೆಸ್ಟ್ ಲೀಡ್‌ಗೆ ಬ್ಯಾಂಕ್‌ಗಳ ಜಿಸಿಸಿ ಸಹಜವಾದ ಜಾಗ. ಕರ್ನಾಟಕ ಸರ್ಕಾರ 2024ರಲ್ಲಿ ಜಿಸಿಸಿಗೆಂದೇ ಒಂದು ನೀತಿ ತಂದು, ಬೆಂಗಳೂರಿನ ಹೊರಗೂ ಅವನ್ನು ತರಲು ನೋಡುತ್ತಿದೆ. ಮೈಸೂರು, ಮಂಗಳೂರು ಆ ಲೆಕ್ಕದಲ್ಲಿವೆ. ಮೈಸೂರು ಮಡಿಕೇರಿಯಿಂದ ಸುಮಾರು 120 ಕಿಲೋಮೀಟರ್. ಶುಕ್ರವಾರ ಸಂಜೆ ಬಸ್ ಹತ್ತಿದರೆ ರಾತ್ರಿ ಊಟಕ್ಕೆ ಸುಂಟಿಕೊಪ್ಪ. ಬೆಂಗಳೂರಿನಷ್ಟು ಜಾಗಗಳು ಅಲ್ಲಿಲ್ಲ, ಸಂಬಳವೂ ಸ್ವಲ್ಪ ಕಡಿಮೆ ಇರಬಹುದು. ಆದರೂ ವಯಸ್ಸಾದ ಅಪ್ಪ ಅಮ್ಮ, ತೋಟ ಎರಡೂ ಇರುವವರು ಮೈಸೂರನ್ನು ಲೆಕ್ಕಕ್ಕೆ ಹಿಡಿಯದೇ ಇರುವುದು ತಪ್ಪು.

ಇಂಟರ್‌ವ್ಯೂನಲ್ಲಿ ಗ್ಯಾಪ್ ಬಗ್ಗೆ: ಕೇಳುವವರು ಪರೀಕ್ಷಿಸುವುದು ನಿಮ್ಮ ಗ್ಯಾಪನ್ನಲ್ಲ, ನಿಮ್ಮ ಮುಖವನ್ನು. ಅಳುಕಿದರೆ ಏನೋ ಇದೆ ಅಂದುಕೊಳ್ಳುತ್ತಾರೆ. “ಅಕ್ಟೋಬರ್‌ನಲ್ಲಿ ಕಂಪನಿ ಜನ ಕಡಿಮೆ ಮಾಡಿತು, ನಮ್ಮ ತಂಡದಲ್ಲಿ ಇಷ್ಟು ಜನ ಹೊರಬಂದೆವು, ನಾನೂ ಒಬ್ಬ. ಈ ಸಮಯದಲ್ಲಿ ಇದನ್ನು ಕಲಿತೆ.” ಅಷ್ಟು ಹೇಳಿ ನಿಲ್ಲಿಸಿ. ಹಳೆಯ ಕಂಪನಿಯನ್ನು ಬೈಯಬೇಡಿ. ಬೈಯಲು ಕಾರಣ ಇದ್ದರೂ ಬೇಡ. ನಾಳೆ ನಮ್ಮನ್ನೂ ಹೀಗೇ ಬೈಯುತ್ತಾನೆ ಅಂತ ಎದುರಿನವರು ಮನಸ್ಸಿನಲ್ಲಿ ಬರೆದುಕೊಳ್ಳುತ್ತಾರೆ.

ಗ್ಯಾಪ್ ಮುಚ್ಚಲು ಸುಳ್ಳು ಅನುಭವ ಪತ್ರ ಕೊಡುವವರು ಇದ್ದಾರೆ. ಹತ್ತಿರ ಹೋಗಬೇಡಿ. ಈಗ ಹಿನ್ನೆಲೆ ಪರಿಶೀಲನೆ ಮಾಡುವವರು ಯುಎಎನ್ (ಪಿಎಫ್‌ನ ಖಾಯಂ ಸಂಖ್ಯೆ) ಮೂಲಕ ನಿಮ್ಮ ಪಿಎಫ್ ಇತಿಹಾಸ ನೋಡುತ್ತಾರೆ. ಯಾವ ಕಂಪನಿ ಯಾವ ತಿಂಗಳವರೆಗೆ ಕಟ್ಟಿದೆ ಅಂತ ಅಲ್ಲಿ ಅಚ್ಚಾಗಿರುತ್ತದೆ. ಮೂರು ತಿಂಗಳ ಗ್ಯಾಪ್‌ಗೆ ಯಾರೂ ಕೆಲಸ ಕೊಡದೇ ಇರುವುದಿಲ್ಲ. ಸುಳ್ಳು ಪತ್ರ ಸಿಕ್ಕರೆ ಖಂಡಿತ ಕೊಡುವುದಿಲ್ಲ. ಸೇರುವ ಮೊದಲು ದುಡ್ಡು ಕೇಳುವವರೂ ಅದೇ ಜಾತಿ. ಲ್ಯಾಪ್‌ಟಾಪ್ ಡಿಪಾಸಿಟ್, ಟ್ರೈನಿಂಗ್ ಫೀ, ಡಾಕ್ಯುಮೆಂಟ್ ಚಾರ್ಜ್, ಹೆಸರು ಏನೇ ಇರಲಿ. ಈಗಾಗಲೇ ಕೊಟ್ಟು ಮೋಸ ಹೋಗಿದ್ದರೆ ತಡ ಮಾಡದೆ 1930ಕ್ಕೆ ಫೋನ್ ಮಾಡಿ. ಬೇಗ ಹೇಳಿದಷ್ಟೂ ಬ್ಯಾಂಕ್‌ನಲ್ಲಿ ದುಡ್ಡು ತಡೆಯುವ ಸಾಧ್ಯತೆ ಹೆಚ್ಚು.

ಕೋರ್ಸ್ ಬಗ್ಗೆ ಒಂದೇ ಮಾತು: ಬೇಡ. ಕೆಲಸ ಇಲ್ಲದಾಗ 1.8 ಲಕ್ಷ ಅಂದರೆ ನಿಮ್ಮ ಹತ್ತಿರ ಹತ್ತಿರ ಐದು ಕಂತು. ಇಂಥ ಕೋರ್ಸ್‌ಗಳಲ್ಲಿ “ಕಂತಿನಲ್ಲಿ ಕಟ್ಟಿ” ಅಂತ ಹೇಳುವುದು ಎಷ್ಟೋ ಸಲ ನಿಮ್ಮ ಹೆಸರಲ್ಲಿ ಒಂದು ಫೈನಾನ್ಸ್ ಕಂಪನಿಯ ಸಾಲ. ಕೋರ್ಸ್ ಹಿಡಿಸದೆ ಬಿಟ್ಟರೂ ಸಾಲ ಬಿಡುವುದಿಲ್ಲ. ಪ್ಲೇಸ್‌ಮೆಂಟ್ ಗ್ಯಾರಂಟಿಯ ಕೆಳಗಿನ ಸಣ್ಣಕ್ಷರ ಓದಿ, ಷರತ್ತುಗಳ ಪಟ್ಟಿಯೇ ಇರುತ್ತದೆ. ನಿಮಗೆ ಬೇಕಾಗಿರುವುದು ಪುಕ್ಕಟೆ ಸಿಗುತ್ತದೆ. ಟೆಸ್ಟ್ ಆಟೋಮೇಷನ್ ಟೂಲ್‌ಗಳಲ್ಲಿ ಬರೀ ಸೆಲೆನಿಯಂ ಗೊತ್ತಿದ್ದರೆ ಪ್ಲೇರೈಟ್ ಕಲಿಯಿರಿ, ಅದರ ದಾಖಲೆಗಳೇ ಒಳ್ಳೆಯ ಪಾಠ. ಪೋಸ್ಟ್‌ಮನ್‌ನಲ್ಲಿ ಎಪಿಐ ಟೆಸ್ಟಿಂಗ್, ಸ್ವಲ್ಪ ಎಸ್‌ಕ್ಯೂಎಲ್. ಪೈಥಾನ್ ಗಟ್ಟಿ ಮಾಡಿಕೊಳ್ಳಬೇಕೆಂದರೆ ಎನ್‌ಪಿಟಿಇಎಲ್‌ನಲ್ಲಿ ಐಐಟಿ ಪ್ರೊಫೆಸರ್‌ಗಳ ಪಾಠಗಳಿವೆ. ನೋಡಲು ದುಡ್ಡಿಲ್ಲ. ಎಐ ಟೂಲ್‌ಗಳಿಂದ ಟೆಸ್ಟ್ ಕೇಸ್ ಬರೆಸಿ, ಅದು ಎಲ್ಲಿ ತಪ್ಪಿತು ಅಂತ ನೀವೇ ಹಿಡಿಯಿರಿ. ಆ ತಪ್ಪುಗಳ ಪಟ್ಟಿಯನ್ನು ಇಂಟರ್‌ವ್ಯೂನಲ್ಲಿ ಹೇಳಿದರೆ ಯಾವ ಸರ್ಟಿಫಿಕೇಟ್‌ಗಿಂತಲೂ ತೂಕ ಜಾಸ್ತಿ. ಒಂದು ಸಣ್ಣ ಪ್ರಾಜೆಕ್ಟ್ ಮಾಡಿ ಗಿಟ್‌ಹಬ್‌ನಲ್ಲಿ ಹಾಕಿ. ಆರು ವಾರ ಸಾಕು.

ದುಡ್ಡು. ರಾಜೀನಾಮೆ ಅಂತ ಬರೆಸಿಕೊಂಡಿದ್ದಾರೆ, ಅದು ಅವರಿಗೆ ಅನುಕೂಲ. ಆದರೆ ರಾಜೀನಾಮೆ ಕೊಟ್ಟರೂ ಗ್ರಾಚ್ಯುಟಿ (ಸೇವೆಗೆಂದು ಕಂಪನಿ ಕೊಡುವ ಇಡಿಗಂಟು) ನಿಮ್ಮ ಹಕ್ಕು, ಐದು ವರ್ಷ ದಾಟಿದೆ. 2025ರ ನವೆಂಬರ್‌ನಲ್ಲಿ ಹೊಸ ಕಾರ್ಮಿಕ ಸಂಹಿತೆ ಬರುವ ಮೊದಲಿನ, ನೀವು ಬಿಟ್ಟಾಗಿನ ನಿಯಮದಲ್ಲಿ ಲೆಕ್ಕ ಸುಲಭ. ಕೊನೆಯ ತಿಂಗಳ ಮೂಲ ವೇತನವನ್ನು 15ರಿಂದ ಗುಣಿಸಿ, 26ರಿಂದ ಭಾಗಿಸಿ, ವರ್ಷಗಳಿಂದ ಗುಣಿಸಿ. ಮೂಲ ವೇತನ 60 ಸಾವಿರ ಇದ್ದರೆ 6 ವರ್ಷಕ್ಕೆ ಸುಮಾರು 2 ಲಕ್ಷದ 8 ಸಾವಿರ. 30 ದಿನದೊಳಗೆ ಕೊಡಬೇಕು. ಕೊಟ್ಟ ಆ ಮೂರು ತಿಂಗಳ ಸಂಬಳದಲ್ಲೇ ಇದನ್ನು ಸೇರಿಸಿ ತೋರಿಸಿದ್ದಾರಾ, ಫುಲ್ ಅಂಡ್ ಫೈನಲ್ (ಕೊನೆಯ ಲೆಕ್ಕ ಚುಕ್ತಾ) ಹಾಳೆ ತೆಗೆದು ನೋಡಿ. ಬಂದಿಲ್ಲದಿದ್ದರೆ ಮೊದಲು ಮೇಲ್, ಆಮೇಲೆ ಕಾರ್ಮಿಕ ಇಲಾಖೆ. ಬೆಂಗಳೂರಿನಲ್ಲಿ ಐಟಿ ನೌಕರರ ಯೂನಿಯನ್ ಇದೆ, ಕಿಟು ಅಂತ. ಇಂಥ ವಿಷಯದಲ್ಲಿ ದಾರಿ ಹೇಳುತ್ತಾರೆ. ರಿಲೀವಿಂಗ್ ಲೆಟರ್, ಅನುಭವ ಪತ್ರ, ಕೊನೆಯ ಮೂರು ಪೇ ಸ್ಲಿಪ್, ಫಾರ್ಮ್ 16, ಇವು ಕೈಯಲ್ಲಿರಲಿ. ತೆರಿಗೆಯ ಮಾತು ಆಡಿಟರ್‌ಗೆ ಬಿಡಿ.

ಪಿಎಫ್ ಮುಟ್ಟಬೇಡಿ, ಸಾಧ್ಯವಾದಷ್ಟು. 2024-25ಕ್ಕೆ ಬಡ್ಡಿ ನೂರಕ್ಕೆ 8.25 ಇತ್ತು. ಕೆಲಸ ಇಲ್ಲ ಅಂತ ಬಡ್ಡಿ ನಿಲ್ಲುವುದಿಲ್ಲ. ಪಿಂಚಣಿಗೆ ಬೇಕಾದ 10 ವರ್ಷ ನಿಮ್ಮದು ದಾಟಿದೆ, ಆದರೆ ಹಳೆಯ ಕಂಪನಿಗಳ ಖಾತೆಗಳನ್ನೆಲ್ಲ ಇದಕ್ಕೆ ವರ್ಗಾಯಿಸಿದ್ದರೆ ಮಾತ್ರ ಅದು ಒಂದೇ ಕಡೆ ಕಾಣುತ್ತದೆ. ಮೊದಲು ಅದನ್ನು ನೋಡಿ. ಕಂಪನಿ ನೀವು ಬಿಟ್ಟ ದಿನಾಂಕ ಹಾಕಿದೆಯಾ, ಅದನ್ನೂ ನೋಡಿ. ಹಾಕದಿದ್ದರೆ, ಕೊನೆಯ ಕಂತು ಬಿದ್ದು ಎರಡು ತಿಂಗಳಾದ ಮೇಲೆ ನೀವೇ ಹಾಕಬಹುದು. ದುಡ್ಡು ತೆಗೆಯುವ ನಿಯಮ ಬದಲಿಸುವ ತೀರ್ಮಾನ 2025ರ ಅಕ್ಟೋಬರ್‌ನಲ್ಲಿ ಆಗಿದೆ. ಹಾಗಾಗಿ ಗೆಳೆಯರ ಹಳೆಯ ಲೆಕ್ಕ ನಂಬದೆ ಇಪಿಎಫ್‌ಒ ಪೋರ್ಟಲ್‌ನಲ್ಲೇ ಓದಿ.

ಫ್ಲ್ಯಾಟ್ ಸಾಲದ ವಿಷಯದಲ್ಲಿ, ಕಂತು ತಪ್ಪುವ ಮೊದಲೇ ಬ್ಯಾಂಕ್‌ಗೆ ಹೋಗಿ. 90 ದಿನ ದಾಟಿ ಬಾಕಿ ಉಳಿದರೆ ಆ ಸಾಲ ಎನ್‌ಪಿಎ (ಬ್ಯಾಂಕ್ ಲೆಕ್ಕದಲ್ಲಿ ಕೆಟ್ಟ ಸಾಲ) ಆಗುತ್ತದೆ, ಆಮೇಲೆ ಮ್ಯಾನೇಜರ್‌ನ ಧ್ವನಿಯೇ ಬೇರೆ. ಮೊದಲೇ ಹೋದರೆ ಅವಧಿ ಹೆಚ್ಚಿಸಿ ಕಂತು ಇಳಿಸುವ ಮಾತಾದರೂ ಆಡಬಹುದು. ಇನ್ನು ಆಸ್ಪತ್ರೆ ವಿಮೆ. ಕಂಪನಿಯದು ಸಾಮಾನ್ಯವಾಗಿ ಕೊನೆಯ ದಿನಕ್ಕೇ ಮುಗಿಯುತ್ತದೆ. ಅಪ್ಪ ಅಮ್ಮನೂ ಅದರಲ್ಲಿದ್ದರೆ ಈಗ ಮನೆಯಲ್ಲಿ ಯಾರಿಗೂ ವಿಮೆ ಇಲ್ಲ. ಬೇರೆ ಎಲ್ಲ ಖರ್ಚು ನಿಲ್ಲಿಸಿದರೂ ಒಂದು ಸಣ್ಣ ಪಾಲಿಸಿ ಈ ವಾರವೇ ಮಾಡಿಸಿ.

ಕಡಿಮೆ ಸಂಬಳಕ್ಕೆ ಒಪ್ಪಬಹುದಾ ಅಂತ ನೀವು ಕೇಳಿಲ್ಲ, ಆದರೆ ಆ ದಿನ ಬರುತ್ತದೆ. ನನ್ನ ಅಭಿಪ್ರಾಯ: ಕೆಲಸ ಸರಿಯಾಗಿದ್ದರೆ ನೂರಕ್ಕೆ 15-20ರಷ್ಟು ಕಡಿಮೆಗೆ ಹೋಗಿ, ಬೇಸರ ಬೇಡ. ಕಡಿಮೆ ಸಂಬಳಕ್ಕಿಂತ ಕೆಳಗಿನ ಹುದ್ದೆಗೆ ಹೆದರಿ. ಸಂಬಳ ಎರಡು ವರ್ಷದಲ್ಲಿ ಏರುತ್ತದೆ, ಹುದ್ದೆ ಹಿಂದಕ್ಕೆ ಹೋದರೆ ಮುಂದಿನ ಇಂಟರ್‌ವ್ಯೂನಲ್ಲೂ ಅದೇ ಕೇಳುತ್ತಾರೆ. ಆಫರ್‌ನಲ್ಲಿ ಒಟ್ಟು ಮೊತ್ತ ನೋಡಿ ಮರುಳಾಗಬೇಡಿ. ಪ್ರತಿ ತಿಂಗಳು ಕೈಗೆ ಬರುವುದೆಷ್ಟು, ಬೋನಸ್ ಅಂತ ತೋರಿಸಿದ್ದೆಷ್ಟು, ಬಿಡಿಸಿ ಕೇಳಿ. ಬೇರೆಯವರ ಪೇರೋಲ್‌ನಲ್ಲಿ ಒಂದು ವರ್ಷದ ಕಾಂಟ್ರಾಕ್ಟ್ ಸಿಕ್ಕಿದರೆ ಅದನ್ನೂ ತಳ್ಳಿಬಿಡಬೇಡಿ. ಬ್ಯಾಂಕ್ ಜಿಸಿಸಿಗಳಲ್ಲಿ ಆ ಬಾಗಿಲಿನಿಂದ ಒಳಹೋಗಿ ಖಾಯಂ ಆದವರನ್ನು ಬೇಕಾದಷ್ಟು ನೋಡಿದ್ದೇನೆ.

ತೋಟ. ಇಲ್ಲಿ ನಾನು ಪಕ್ಷಪಾತಿ, ಮೊದಲೇ ಹೇಳುತ್ತೇನೆ. 2024ರ ಸುಮಾರಿಗೆ ಏರಿದ ರೋಬಸ್ಟಾ ಕಾಫಿ ಬೆಲೆ ನೋಡಿ ಬೆಂಗಳೂರಿನಲ್ಲಿ ಕೂತ ಎಲ್ಲರಿಗೂ ತೋಟದ ಕನಸು ಬಿದ್ದಿದೆ. ಅಪ್ಪನ ಹತ್ತಿರ ಹಳೆಯ ಲೆಕ್ಕದ ಪುಸ್ತಕ ಕೇಳಿ. ಚೀಲಕ್ಕೆ ಸಿಕ್ಕಿದ್ದು ಕೊಯ್ಲಿನ ಕೂಲಿಗೇ ಸಾಲದ ವರ್ಷಗಳೂ ಅದರಲ್ಲಿರುತ್ತವೆ. ಹೂ ಮಳೆ ತಪ್ಪಿದರೆ ಸ್ಪ್ರಿಂಕ್ಲರ್‌ಗೆ ನೀರು ಬೇಕು. ಕೂಲಿಯವರು ಸಿಗುವುದಿಲ್ಲ. ಆನೆ ಒಂದು ರಾತ್ರಿ ಬಂದು ಹೋದರೆ ಬೇಲಿಯ ಕಥೆ ಮುಗಿಯಿತು. ನಾಲ್ಕು ಎಕರೆ, ಮರದ ಮೇಲಿನ ಕರಿಮೆಣಸೂ ಸೇರಿ, ಅಪ್ಪ ಅಮ್ಮನ ಸಂಸಾರವನ್ನು ಚೆನ್ನಾಗಿ ನಡೆಸುತ್ತದೆ. ಅದರ ಮೇಲೆ ಬೆಂಗಳೂರಿನ 38 ಸಾವಿರದ ಕಂತು, ಮಗಳ ಸ್ಕೂಲ್ ಫೀಸ್ ಹೊರಿಸಿದರೆ ಗಿಡ ಬಗ್ಗುತ್ತದೆ. ತೋಟ ಎಲ್ಲಿಗೂ ಹೋಗುವುದಿಲ್ಲ. ಫ್ಲ್ಯಾಟ್ ಸಾಲ ತೀರಿದ ಮೇಲೆ ಬನ್ನಿ, ಆಗ ಅದು ಇಷ್ಟಪಟ್ಟು ಬಂದ ಹಾಗಿರುತ್ತದೆ. ಹೆದರಿ ಬಂದವರ ತೋಟ ನಾನು ಎರಡು ಮೂರು ನೋಡಿದ್ದೇನೆ. ಕಪಾತ್ ಮಾಡುವಾಗಲೂ (ಗಿಡದ ರೆಂಬೆ ಸವರುವಾಗಲೂ) ಕಿವಿಗೆ ಫೋನ್ ಇರುತ್ತದೆ.

ಹಾಗಂತ ಈ ತಿಂಗಳ ಕೊಯ್ಲು ಬಿಡಬೇಡಿ. ಬೆಳಿಗ್ಗೆ ಒಂಬತ್ತರಿಂದ ಒಂದರವರೆಗೆ ಹುಡುಕಾಟ, ಕಲಿಕೆ. ಮಧ್ಯಾಹ್ನದ ಮೇಲೆ ಕಣದಲ್ಲಿರಿ. ದಿನವಿಡೀ ಲ್ಯಾಪ್‌ಟಾಪ್ ಮುಂದೆ ಕೂತರೆ ಅರ್ಜಿ ಒತ್ತುವ ಚಟ ಮತ್ತೆ ಬರುತ್ತದೆ.

ವಿಡಿಯೋ ಇಂಟರ್‌ವ್ಯೂ ಮಾತ್ರ ತೋಟದ ಮನೆಯಿಂದ ಕೊಡಬೇಡಿ. ಮೂರನೇ ಪ್ರಶ್ನೆಗೆ ಕರೆಂಟ್ ಹೋಗುತ್ತದೆ, ನಾಲ್ಕನೆಯದಕ್ಕೆ ಸಿಗ್ನಲ್. ನಮಗೆ ಅದು ದಿನದ ಮಾತು, ಬೆಂಗಳೂರಿನವರಿಗೆ ನೆಪ. ಕುಶಾಲನಗರ ಅಥವಾ ಮಡಿಕೇರಿಯಲ್ಲಿ ಒಳ್ಳೆಯ ಇಂಟರ್‌ನೆಟ್ ಇರುವ ನೆಂಟರ ಮನೆ ನೋಡಿಕೊಳ್ಳಿ. ಇನ್ನೊಂದು ಕಂಪನಿಯ ಸಿಮ್ ಜೊತೆಗಿರಲಿ. ಎರಡನೇ ಸುತ್ತಿಗೆ ಆಫೀಸಿಗೇ ಬರುತ್ತೇನೆ ಅಂತ ನೀವೇ ಹೇಳಿ, ಹೇಗೂ ಹೆಂಡತಿ ಮಗಳನ್ನು ನೋಡಿದ ಹಾಗೂ ಆಗುತ್ತದೆ. ಪೂರ್ತಿ ಊರಿನಿಂದಲೇ ಕೆಲಸ ಮಾಡುತ್ತೇನೆ ಎಂದು ಒಪ್ಪಿಕೊಳ್ಳುವ ಮೊದಲು ಜುಲೈ ತಿಂಗಳನ್ನು ನೆನಪಿಸಿಕೊಳ್ಳಿ. ಮರ ಬಿದ್ದು ಮೂರು ದಿನ ಕರೆಂಟ್ ಇಲ್ಲದ ಆ ಜುಲೈ.

ಈಗ ಆ ಹಳೆಯ ಮ್ಯಾನೇಜರ್. ಮೊದಲು ಸಣ್ಣ ಮೆಸೇಜ್ ಹಾಕಿ, ಆಗ ಫೋನ್ ಎತ್ತುವಾಗ ಅವರಿಗೂ ಮುಜುಗರ ಇರುವುದಿಲ್ಲ. “ಸರ್, ನಮಸ್ತೆ. ಅಕ್ಟೋಬರ್‌ನಲ್ಲಿ ನನ್ನ ಕೆಲಸ ಲೇಆಫ್‌ನಲ್ಲಿ ಹೋಯಿತು. ಪೇಮೆಂಟ್ಸ್ ಕಡೆ ಟೆಸ್ಟ್ ಲೀಡ್ ಕೆಲಸ ಹುಡುಕುತ್ತಿದ್ದೇನೆ, ತಕ್ಷಣ ಸೇರಬಹುದು. ನಿಮ್ಮ ಕಡೆ ಅಥವಾ ಗೊತ್ತಿರುವ ಕಡೆ ಏನಾದರೂ ಇದ್ದರೆ ಹೇಳಿ. ಯಾವಾಗ ಫೋನ್ ಮಾಡಲಿ?” ಇಷ್ಟೇ. “ಏನಾದರೂ ಕೆಲಸ ಕೊಡಿಸಿ ಸರ್” ಅಂತ ಬರೆಯಬೇಡಿ, ಏನಾದರೂ ಅಂದರೆ ಅವರಿಗೆ ಏನೂ ತೋಚುವುದಿಲ್ಲ. ರೆಸ್ಯೂಮೆ ಮೊದಲ ಮೆಸೇಜ್‌ನಲ್ಲೇ ಅಂಟಿಸಬೇಡಿ, ಕೇಳಿದ ಮೇಲೆ ಕಳಿಸಿ. ಉತ್ತರ ಬರದಿದ್ದರೆ ಒಂದು ವಾರ ಬಿಟ್ಟು ಇನ್ನೊಂದು ಸಲ ಕೇಳಿ, ಜನ ಮರೆಯುತ್ತಾರೆ. ಅವರ ಕಂಪನಿಗೆ ನೀವು ಈಗಾಗಲೇ ಅರ್ಜಿ ಹಾಕಿದ್ದರೆ ಅದನ್ನೂ ಮುಚ್ಚಿಡದೆ ಹೇಳಿ, ಯಾವ ದಾರಿ ಅಂತ ಅವರೇ ನೋಡುತ್ತಾರೆ. ಶುಕ್ರವಾರ ಸಂಜೆ ಕಳಿಸಬೇಡಿ, ಸೋಮವಾರದ ಹೊತ್ತಿಗೆ ಅದು ಕೆಳಗೆ ಹೋಗಿರುತ್ತದೆ. ಮಂಗಳವಾರ ಬೆಳಿಗ್ಗೆ ಹತ್ತರ ಹೊತ್ತಿಗೆ ಕಳಿಸಿ. ಅದಕ್ಕೆ ಮೊದಲು ಅಪ್ಪನಿಗೆ ಹೇಳಿರಬೇಕು, ಫೋನ್ ಬಂದಾಗ ಅಂಗಳದಲ್ಲೇ ನಿಂತು ಮಾತಾಡುವ ಹಾಗಿರಬೇಕು. ಸಿಗ್ನಲ್ ಸಿಗುವುದೂ ಅಲ್ಲೇ ತಾನೆ?